ನೀರು ಸರಿಯಿದೆ ಸ್ವಾಮಿ, ಮನೆ ನೋಡಿ

"ಕಾರಣಾನೇ ಗೊತ್ತಾಗ್ಲಿಲ್ಲ ಸಾರ್, ಸುಮ್ನೆ ಸತ್ತೋದ್ವು."

ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಸೀಗಡಿ ಸಾಕುವವರ ಬಾಯಿಂದ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಯಾವ ಪ್ರಾಣಿಯೂ ಸುಮ್ನೆ ಸಾಯೋದಿಲ್ಲ. ಮನುಷ್ಯ ಸತ್ತರೆ ಹೃದಯ, ಕಿಡ್ನಿ, ಕೊನೆಗೆ ಹಣೆಬರಹ ಅಂತಲಾದರೂ ಒಂದು ಕಾರಣ ಬರೀತೀವಿ. ಎರಡೂವರೆ ಸೆಂಟಿಮೀಟರ್ ಉದ್ದದ ಜೀವಕ್ಕೆ ಅಷ್ಟೂ ಇಲ್ಲ. ಬಲೆಯಲ್ಲಿ ಎತ್ತಿ ಗಿಡದ ಬುಡಕ್ಕೆ ಹಾಕಿ, ಸಂಜೆ ಹೋಗಿ ಇನ್ನೊಂದು ಡಜನ್ ತರೋದು. ಅವೂ ಸಾಯೋದು. "ನಮ್ಮನೆ ನೀರು ಸೀಗಡಿಗೆ ಆಗಿ ಬರಲ್ಲ" ಅಂತ ತೀರ್ಮಾನಕ್ಕೆ ಬರೋದು. ಜಾತಕ ಕೂಡಿ ಬರಲಿಲ್ಲ ಅನ್ನೋ ಹಾಗೆ.

ಸೀಗಡಿ ಅಂದ ತಕ್ಷಣ ಕರಾವಳಿಯವರ ಕಣ್ಣಮುಂದೆ ಚಟ್ಲಿ ಸುಕ್ಕ ಬಂದು ನಿಲ್ಲುತ್ತೆ, ತುಳುವರಿಗೆ ಎಟ್ಟಿ. ನಾನು ಹೇಳ್ತಿರೋದು ಅದಲ್ಲ. ಇದು ಚೆರ್ರಿ ಸೀಗಡಿ. ಚೀನಾ, ತೈವಾನ್ ಕಡೆಯ ಸಿಹಿನೀರಿನ ಜಾತಿ. ವಿಜ್ಞಾನದ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಹಳ್ಳಕೊಳ್ಳದಲ್ಲಿ ಇದ್ದಾಗ ಕಂದು ಕಂದು, ಅರೆಪಾರದರ್ಶಕ. ಕೆಂಪು ಬಣ್ಣ ಬಂದದ್ದು ಸಾಕುವವರು ಆರಿಸಿ ಆರಿಸಿ ತಳಿ ಬೆಳೆಸಿದ್ದರಿಂದ. ಪಾಚಿ ಕೆರೆದುಕೊಂಡು ತಿನ್ನುತ್ತೆ, ಯಾರ ತಂಟೆಗೂ ಹೋಗಲ್ಲ. ಹೆಣ್ಣು ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮೊಟ್ಟೆಯನ್ನ ಹೊಟ್ಟೆಯಡಿ ಇಟ್ಟುಕೊಂಡು, ಮೂರು ನಾಲ್ಕು ವಾರ ಕಾಲಲ್ಲಿ ಬೀಸಣಿಗೆ ಹಾಕುತ್ತಾ ಓಡಾಡುತ್ತೆ. ಅದನ್ನ ಒಮ್ಮೆ ಕೂತು ನೋಡಿದವರು "ಸುಮ್ನೆ ಸತ್ತೋಯ್ತು" ಅಂತ ಅಷ್ಟು ಸಲೀಸಾಗಿ ಹೇಳಲಾರರು ಅಂತ ನನ್ನ ನಂಬಿಕೆ.

ಸೀಗಡಿ ಸತ್ತಿತು ಅಂತ ನೀವು ಅಂಗಡಿಗೆ ಹೋದರೆ ಏನಾಗುತ್ತೆ? "ನೀರು ಚೆಕ್ ಮಾಡಿಸಿದ್ರಾ?" ಅಂತಾರೆ. ನೀವು ಬಾಟಲಿಯಲ್ಲಿ ನೀರು ತಂದಿರ್ತೀರಿ. ಅವರು ಒಂದು ಪಟ್ಟಿ ಅದ್ದುತ್ತಾರೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಪಿಎಚ್ ಏಳೂವರೆ. ಎಲ್ಲಾ ಸರಿ ಇದೆ. ಸರಿ ಇದ್ದರೂ ಮೂರು ಬಾಟಲಿ ಕೊಡ್ತಾರೆ. ಒಂದು ಬ್ಯಾಕ್ಟೀರಿಯಾ, ಒಂದು ಮಿನರಲ್, ಇನ್ನೊಂದು ಏನೋ ಎಲೆಯ ಕಷಾಯ. ನೀರು ಸರಿ ಇದೆ ಅಂತ ತೋರಿಸಿಕೊಟ್ಟು, ಅದೇ ನೀರಿಗೆ ಔಷಧಿ ಮಾರೋ ವ್ಯಾಪಾರ ಇದೊಂದೇ ಇರಬೇಕು. ನನ್ನ ತಕರಾರು ಬಾಟಲಿಯ ಮೇಲಲ್ಲ, ಪ್ರಶ್ನೆಯ ಮೇಲೆ. ನೀರಿನ ಬಗ್ಗೆ ಹತ್ತು ಪ್ರಶ್ನೆ ಕೇಳುವವರು ಮನೆಯ ಬಗ್ಗೆ ಒಂದೂ ಕೇಳಲ್ಲ. ಆ ಪಟ್ಟಿಯಲ್ಲಿ ಬಣ್ಣ ಬದಲಾಗುವ ಐದಾರು ಚೌಕಗಳಿವೆಯಲ್ಲ, ಅವು ಐದಾರು ವಿಷಯ ಮಾತ್ರ ಹೇಳುತ್ತವೆ. ಕೀಟನಾಶಕ ಇದೆಯೋ ಇಲ್ಲವೋ ಹೇಳುವ ಚೌಕ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿ ಹೇಳದೇ ಇದ್ದದ್ದಕ್ಕೆಲ್ಲ ನಾವು ಇಟ್ಟಿರೋ ಹೆಸರು: "ಕಾರಣ ಗೊತ್ತಿಲ್ಲ."

ನೀರಿಗೆ ಸಲ್ಲಬೇಕಾದ ಬೈಗುಳ ಸಲ್ಲಿಸಿಯೇ ಮುಂದೆ ಹೋಗ್ತೀನಿ. ಹೊಸ ತೊಟ್ಟಿಗೆ ನೀರು ತುಂಬಿಸಿದ ವಾರಕ್ಕೇ ಸೀಗಡಿ ಬಿಟ್ಟರೆ ಸಾಯುತ್ತವೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಇದು ಗುಟ್ಟೇನಲ್ಲ, ಎಲ್ಲರೂ ಹೇಳ್ತಾರೆ, ಯಾರೂ ಕಾಯಲ್ಲ. ಅದನ್ನ ಬಿಡಿ.

ಬೆಂಗಳೂರಿನ ನೀರಿನ ಕಥೆ ಸ್ವಲ್ಪ ಬೇರೆ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡು, ನೂರು ಕಿಲೋಮೀಟರ್ ಹತ್ತಿ ಬರುತ್ತೆ. ಬೋರ್‌ವೆಲ್ ನೀರು ಗಡಸು. ಟ್ಯಾಂಕರ್ ನೀರು ಎಲ್ಲಿಯದೋ ಟ್ಯಾಂಕರಿನವನಿಗೂ ನೆನಪಿರಲ್ಲ. ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಸೋಮವಾರದ ನೀರು ಗುರುವಾರ ಇರೋದಿಲ್ಲ. "ನಾನು ಆರು ತಿಂಗಳಿಂದ ಇದೇ ನೀರು ಹಾಕ್ತಿದೀನಿ" ಅನ್ನುವವರು ಅದೇ ನಲ್ಲಿ ತಿರುಗಿಸ್ತಿದಾರೆ ಅಷ್ಟೆ, ನೀರು ಅದೇ ಅಲ್ಲ. ಇದರ ಮೇಲೆ, ಅಪಾರ್ಟ್‌ಮೆಂಟಿನವರು ವರ್ಷಕ್ಕೊಮ್ಮೆಯೋ ಎರಡು ಸಲವೋ ಮೇಲಿನ ಟ್ಯಾಂಕು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಅವತ್ತು ನೀವು ಅರ್ಧ ತೊಟ್ಟಿ ನೀರು ಬದಲಾಯಿಸಿದರೆ ಸೀಗಡಿಯೂ ಹೋಗುತ್ತೆ, ಮೀನೂ ಹೋಗುತ್ತೆ. ಇದರಲ್ಲಿ ನಿಗೂಢ ಏನಿಲ್ಲ. ನೀರು ಬದಲಾಯಿಸಿದ ಕೆಲವೇ ಗಂಟೆಗಳಲ್ಲಿ ಸಾವು ಅಂದರೆ ನೀರು ಅಂತಲೇ ಅರ್ಥ.

ಟಿಡಿಎಸ್ ಮೀಟರ್ ಪೂಜೆ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಪೆನ್ನಿನಂಥ ಆ ಮೀಟರನ್ನ ನೀರಿಗೆ ಅದ್ದಿ "220 ಇದೆ, ಪರ್ಫೆಕ್ಟ್" ಅಂತಾರೆ. 220 ಏನು? ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಮೆಗ್ನೀಸಿಯಂ ಎಷ್ಟು, ಬರೀ ಸೋಡಿಯಂ ಎಷ್ಟು ಅಂತ ಮೀಟರ್ ಹೇಳಲ್ಲ. ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಹಾಕಿಸಿರೋ ಅಪಾರ್ಟ್‌ಮೆಂಟುಗಳಲ್ಲಿ ಆಗೋದು ಇದೇ. ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿತ್ತುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತೆ. ಮೀಟರಿನ ಅಂಕಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಸೀಗಡಿಗೆ ಚಿಪ್ಪು ಕಟ್ಟೋಕೆ ಬೇಕಾದ್ದು ಮಾತ್ರ ಇರಲ್ಲ. ಆಗ ಪೊರೆ ಬಿಡೋ ಹೊತ್ತಿಗೆ ಕುತ್ತಿಗೆಯ ಹಿಂದೆ, ಬೆನ್ನಿನ ಚಿಪ್ಪು ಹೊಟ್ಟೆಗೆ ಸೇರುವ ಜಾಗದಲ್ಲಿ, ಸುತ್ತಲೂ ಒಂದು ಬಿಳಿ ಉಂಗುರ ಕಾಣುತ್ತೆ. ಹಳೇ ಪೊರೆಯಿಂದ ಹೊರಗೆ ಬರಲಾಗದೆ ಅಲ್ಲೇ ಸಿಕ್ಕಿ ಸಾಯುತ್ತೆ. ಬಿಳಿ ಉಂಗುರ ಕಂಡರೆ ಕಾರಣ ಗೊತ್ತಾಯಿತು ಅಂತಲೇ ಲೆಕ್ಕ. ಗಡಸುತನ ಅಳೆಯೋ ಬೇರೆ ಕಿಟ್ ಸಿಗುತ್ತೆ, ತಗೊಳ್ಳಿ. ಒಂದೇ ಸಲಕ್ಕೆ ಅರ್ಧ ತೊಟ್ಟಿ ನೀರು ಬದಲಿಸೋ ಚಟ ಇದ್ದರೆ ಅದನ್ನೂ ಬಿಡಿ. ನೀರಿನ ಗುಣ ಹಠಾತ್ತನೆ ಬದಲಾದರೆ ಹೊತ್ತಿಗೆ ಮೊದಲೇ ಪೊರೆ ಬಿಡೋಕೆ ಹೋಗಿ ಸಾಯ್ತವೆ.

ಕೆಲವು ಸಾವುಗಳು ಸಾವೇ ಅಲ್ಲ. ತಳದಲ್ಲಿ ಗಾಜಿನಂತೆ ಪಾರದರ್ಶಕವಾಗಿ, ಒಳಗೆ ಏನೂ ಇಲ್ಲದೆ ಬಿದ್ದಿದ್ದರೆ ಅದು ಪೊರೆ. ಸತ್ತ ಸೀಗಡಿ ಬೇಯಿಸಿದ ಸೀಗಡಿಯಂತೆ ಮಬ್ಬಾಗಿ, ಗುಲಾಬಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಇನ್ನು ಕೆಲವಕ್ಕೆ ಕಾರಣ ಮುಪ್ಪು. ಇವುಗಳ ಆಯಸ್ಸು ಒಂದು, ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ದಟ್ಟ ಕೆಂಪಾಗಿ ಕಾಣೋ ಹೆಣ್ಣುಗಳನ್ನೇ ಆರಿಸಿ ತರ್ತೀವಿ. ಮದುವೆಗೆ ಹೆಣ್ಣು ನೋಡೋಕೆ ಹೋಗಿ ಅಜ್ಜಿಯನ್ನ ಒಪ್ಪಿಕೊಂಡು ಬಂದ ಹಾಗೆ. ನಾಲ್ಕು ತಿಂಗಳಿಗೆ ಸತ್ತರೆ ನಿಗೂಢ ಅಂತೀವಿ. ಮರಿಗಳನ್ನ ತನ್ನಿ ಸ್ವಾಮಿ, ಬಣ್ಣ ಆಮೇಲೆ ಬರುತ್ತೆ.

ಇಷ್ಟೆಲ್ಲಾ ಕಳೆದರೂ ಉಳಿಯುವ ಸಾವುಗಳಿವೆ. ನೀರು ಬದಲಿಸಿಲ್ಲ. ಉಂಗುರ ಇಲ್ಲ. ತೊಟ್ಟಿಗೆ ವರ್ಷ ತುಂಬಿದೆ. ಮರಿಗಳೂ ಇದ್ದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು, ಮಾರನೇ ದಿನ ಆರು. ಇಲ್ಲಿ ಕೇಳಬೇಕಾದ್ದು "ಏನು ಸತ್ತಿತು" ಅಂತಲ್ಲ, "ಏನು ಬದುಕಿದೆ" ಅಂತ.

ಬಹುಪಾಲು ತೊಟ್ಟಿಗಳಲ್ಲಿ ಯಾರೂ ಕರೆಯದೆ ಬಂದು ಸೇರಿಕೊಂಡ ಸಣ್ಣ ಬಸವನಹುಳುಗಳು ಇರುತ್ತವೆ. ಎಲ್ಲರೂ ಅವನ್ನ ಬೈತಾರೆ. ನಾನು ಅವನ್ನ ಸಾಕ್ಷಿಗಳು ಅಂತೀನಿ. ಸೀಗಡಿಯ ಜೊತೆ ಬಸವನಹುಳುವೂ ಚಿಪ್ಪಿನೊಳಗೆ ಸೇರಿಕೊಂಡು ಬಿದ್ದಿದ್ದರೆ ತಾಮ್ರದ ಮೇಲೆ ಅನುಮಾನ ಪಡಿ. ತಾಮ್ರ ಬಸವನಹುಳು ಕೊಲ್ಲೋಕೇ ಬಳಸುವ ವಿಷ. ಮೀನೂ ಮೇಲೆ ಬಂದು ಬಾಯಿ ಬಿಡ್ತಿದ್ದರೆ ಅಮೋನಿಯಾ, ಕ್ಲೋರಿನ್, ಇಲ್ಲಾ ರಾತ್ರಿ ಕರೆಂಟು ಹೋಗಿ ಆಮ್ಲಜನಕ ಕಮ್ಮಿಯಾಗಿರೋದು. ಆದರೆ ಬಸವನಹುಳು ಗಾಜಿನ ಮೇಲೆ ಆರಾಮಾಗಿ ತೆವಳ್ತಾ ಇದೆ, ಮೀನೂ ಸದ್ಯಕ್ಕೆ ಓಡಾಡ್ತಿದೆ, ಸೀಗಡಿ ಮಾತ್ರ ಹುಚ್ಚು ಹಿಡಿದ ಹಾಗೆ ತೊಟ್ಟಿ ತುಂಬ ಚಿಮ್ಮಿ, ಅಂಗಾತ ಬಿದ್ದು, ಕಾಲು ನಡುಗಿಸ್ತಾ ಸಾಯ್ತಿದೆ ಅಂದರೆ, ನೀರಿನ ಪಟ್ಟಿ ಎತ್ತಿಟ್ಟು ಮನೆ ಕಡೆ ತಿರುಗಿ. ಅದು ಕೀಟನಾಶಕದ ಸಹಿ. ನಿಮ್ಮನೆ ಸೊಳ್ಳೆ, ನಿಮ್ಮನೆ ಜಿರಲೆ, ನಿಮ್ಮನೆ ಸೀಗಡಿ ಮೂರೂ ಒಂದೇ ದೊಡ್ಡ ಕುಲದವು. ಕೀಲುಗಾಲಿನ ಸಂಧಿಪದಿಗಳು. ಸೊಳ್ಳೆಯ ನರಕ್ಕೆ ಹೊಡೆಯೋ ವಿಷ ಸೀಗಡಿಯ ನರಕ್ಕೂ ಹೊಡೆಯುತ್ತೆ. ಬಸವನಹುಳು ಬೇರೆ ಕುಲ. ಅದಕ್ಕೆ ಅಷ್ಟು ತಾಗಲ್ಲ.

ತಾಮ್ರದ ಮಾತು ಬಂತು, ಮುಗಿಸಿಬಿಡ್ತೀನಿ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಕೊಡೋ ಕೆಲವು ಔಷಧಗಳಲ್ಲಿ ತಾಮ್ರ ಇರುತ್ತೆ, ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮನೆಯ ತಾಮ್ರದ ಹಂಡೆ. ರಾತ್ರಿಯಿಡೀ ತಾಮ್ರದ ಪಾತ್ರೆಯಲ್ಲಿಟ್ಟ ನೀರು ಅಮೃತ ಅಂತ ನಂಬಿ, ಅದನ್ನೇ ತೊಟ್ಟಿಗೂ ಹೊಯ್ಯುವವರನ್ನ ನಾನು ನೋಡಿದೀನಿ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇದ್ದರೂ ಮನುಷ್ಯನಿಗೆ ತೊಂದರೆ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸೀಗಡಿಗೆ ಅದರ ಒಂದು ಸಣ್ಣ ಪಾಲೂ ಹೆಚ್ಚು. ತಮಾಷೆ ಏನು ಗೊತ್ತಾ, ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರೋದೇ ತಾಮ್ರ, ನಮ್ಮಲ್ಲಿ ಕಬ್ಬಿಣ ಹೊತ್ತ ಹಾಗೆ. ಆಹಾರದಿಂದ ಬಂದರೆ ಜೀವ, ನೀರಿನಿಂದ ಬಂದರೆ ಸಾವು.

ಈಗ ನನಗೆ ನಿಜಕ್ಕೂ ಜಗಳ ಆಡಬೇಕಾದ ವಿಷಯ. ಗೋಡೆಯ ಪ್ಲಗ್ಗಿನಲ್ಲಿ ಸಿಕ್ಕಿಸೋ ಸೊಳ್ಳೆ ಮಷೀನು.

ಪರಿಚಯದ ಒಂದು ಮನೆ. ನಲವತ್ತಕ್ಕೂ ಮೇಲೆ ಸೀಗಡಿ, ಬೇಸಿಗೆ ಪೂರ್ತಿ ಮರಿ ಹಾಕಿಕೊಂಡು ಚೆನ್ನಾಗಿದ್ದವು. ಮಳೆ ಶುರುವಾದ ಮೇಲೆ ಸಾಯತೊಡಗಿದವು. ಆ ಮನೆಯವರು ನೀರನ್ನ ಮೂರು ಸಲ ಟೆಸ್ಟ್ ಮಾಡಿಸಿದರು, ಎರಡು ತರದ ಬಾಟಲಿ ಹಾಕಿದರು, ಸೀಗಡಿಗೆ ಉಸಿರು ಕಟ್ಟುತ್ತಿದೆಯೇನೋ ಅಂತ ಏರ್ ಪಂಪನ್ನ ದೊಡ್ಡದು ಮಾಡಿದರು. ಸಾವು ಹೆಚ್ಚಾಯಿತು. ನಾನು ಹೋದಾಗ ಸಂಜೆ ಆರೂವರೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿ, ತೊಟ್ಟಿಯಿಂದ ಮೂರಡಿ ದೂರದ ಪ್ಲಗ್ಗಿನಲ್ಲಿ ಮಷೀನು ಹಾಕಿದ್ದರು. ಏರ್ ಪಂಪಿನ ವೈರೂ ಅದೇ ಬೋರ್ಡಿಗೆ. ಬಸವನಹುಳುಗಳು ಗಾಜಿನ ತುಂಬ. ಬೇಸಿಗೆಯಲ್ಲಿ ಸೆಖೆಗೆ ಕಿಟಕಿ ತೆಗೆದಿರ್ತಿದ್ದರು, ಮಷೀನು ಮಲಗೋ ಕೋಣೆಯಲ್ಲಿ ಇತ್ತು ಅಷ್ಟೆ. ಮಳೆಗಾಲಕ್ಕೆ ಅದು ಹಾಲಿಗೆ ಬಂತು. ಇಷ್ಟೂ ದಿನ ಸೀಗಡಿ ಬಗ್ಗೆ ಸಲಹೆ ಕೊಟ್ಟವರು ಕನಿಷ್ಠ ಹತ್ತು ಜನ. ಒಬ್ಬರೂ "ಸಂಜೆ ಮನೇಲಿ ಏನು ಹಚ್ತೀರಿ?" ಅಂತ ಕೇಳಿರಲಿಲ್ಲ.

ಏರ್ ಪಂಪು ಏನು ಮಾಡುತ್ತೆ ಯೋಚಿಸಿ. ಕೋಣೆಯ ಗಾಳಿ ಎಳೆದು, ಸಣ್ಣ ಸಣ್ಣ ಗುಳ್ಳೆ ಮಾಡಿ, ನೀರಿನೊಳಗೆ ತೂರಿಸುತ್ತೆ. ಗಾಳಿಯಲ್ಲಿ ಇರೋದನ್ನೆಲ್ಲ ನೀರಿಗೆ ಉಜ್ಜೋ ಯಂತ್ರ ಅದು. ಗಾಳಿಯಲ್ಲಿ ಆಮ್ಲಜನಕ ಇದ್ದರೆ ಆಮ್ಲಜನಕ, ಟ್ರಾನ್ಸ್‌ಫ್ಲೂಥ್ರಿನ್ ಇದ್ದರೆ ಟ್ರಾನ್ಸ್‌ಫ್ಲೂಥ್ರಿನ್. ಸೀಗಡಿಗೆ ಕಷ್ಟ ಆಗ್ತಿದೆ ಅಂತ ಪಂಪು ಜೋರು ಮಾಡಿದಷ್ಟೂ ವಿಷದ ಡೋಸು ಜೋರು.

ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ಮಷೀನಿನ ಒಂದು ಬಾಟಲಿ 45 ಮಿಲಿಲೀಟರ್, ಅದರಲ್ಲಿ ಕೀಟನಾಶಕ 1.6 ಪರ್ಸೆಂಟ್ ಅಂತಿಟ್ಟುಕೊಳ್ಳಿ. ಸುಮಾರು ಅರ್ಧ ಗ್ರಾಂ ಆಯಿತು. ಅಂದರೆ ಐದು ಲಕ್ಷ ಮೈಕ್ರೋಗ್ರಾಂ. ಡಾಫ್ನಿಯಾ ಅನ್ನೋ, ಸೀಗಡಿಯದೇ ವರ್ಗದ ನೀರುಚಿಗಟವನ್ನ ಟ್ರಾನ್ಸ್‌ಫ್ಲೂಥ್ರಿನ್ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಮಟ್ಟದಲ್ಲೇ ಎರಡು ದಿನದಲ್ಲಿ ಕೆಡವುತ್ತೆ. 50 ಲೀಟರ್ ತೊಟ್ಟಿಗೆ ಆ ಮಟ್ಟ ಮುಟ್ಟಲು ಬಾಟಲಿಯ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಸಾಕು. ಉಳಿದದ್ದು ಗೋಡೆ, ಸೋಫಾ, ಪರದೆ ಎಲ್ಲಿಗಾದರೂ ಹೋಗಲಿ, ಕಿಟಕಿಯಿಂದ ಹೊರಗೇ ಹೋಗಲಿ. ಮೀನಿಗೂ ಇದು ವಿಷವೇ. ಸಾಮಾನ್ಯವಾಗಿ ಸೀಗಡಿ ಮೊದಲು ಹೋಗುತ್ತೆ ಅಷ್ಟೆ.

"ನಮ್ಮನೇಲೂ ಮಷೀನಿದೆ, ಸೀಗಡಿಗೆ ಏನೂ ಆಗಿಲ್ಲ" ಅನ್ನುವವರು ಇದ್ದೇ ಇರ್ತಾರೆ. ಇರಬಹುದು ಮಾರಾಯ್ರೆ. ನಿಮ್ಮ ಹಾಲು ದೊಡ್ಡದು, ಕಿಟಕಿ ತೆರೆದಿದೆ, ತೊಟ್ಟಿಗೆ ಗಾಜಿನ ಮುಚ್ಚಳ ಇದೆ, ಫಿಲ್ಟರಿನಲ್ಲಿ ಇದ್ದಿಲಿದೆ, ಪಂಪು ಬೇರೆ ಕೋಣೆಯ ಗಾಳಿ ಎಳೆಯುತ್ತೆ. ಬೀಡಿ ಸೇದಿ ತೊಂಬತ್ತು ವರ್ಷ ಬದುಕಿದ ತಾತ ಎಲ್ಲರ ಊರಲ್ಲೂ ಒಬ್ಬರಿದ್ದಾರೆ.

"ಇದು ಹೂವಿನಿಂದ ಮಾಡಿದ್ದು, ನ್ಯಾಚುರಲ್" ಅನ್ನೋ ಇನ್ನೊಂದು ವಾದ ಇದೆ. ಸೇವಂತಿಗೆ ಕುಟುಂಬದ ಒಂದು ಹೂವಿನಲ್ಲಿ ಪೈರೆಥ್ರಿನ್ ಇರೋದು ನಿಜ. ಅದನ್ನು ನೋಡಿ ಪ್ರಯೋಗಾಲಯದಲ್ಲಿ ಮಾಡಿದ ಅಣ್ಣತಮ್ಮಂದಿರೇ ಇವತ್ತಿನ ಮಷೀನಿನ ಟ್ರಾನ್ಸ್‌ಫ್ಲೂಥ್ರಿನ್, ಪ್ರಾಲೆಥ್ರಿನ್. ಹೂವಿನದೇ ಆದರೂ ಸೀಗಡಿಗೆ ಏನು? ಎಕ್ಕದ ಹಾಲೂ ನ್ಯಾಚುರಲ್ಲೇ.

ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ನೋಡಿರ್ತೀರಿ. ಕೆಂಪು, ಹಳದಿ, ನೀಲಿ, ಹಸಿರು. ಕೀಟನಾಶಕ ನಿಯಮಗಳು, 1971ರ ಪ್ರಕಾರ ಪ್ರತಿ ಕೀಟನಾಶಕದ ಮೇಲೂ ಹಾಕಲೇಬೇಕಾದ ಗುರುತು. ಹಸಿರು ಕಂಡರೆ ಜನಕ್ಕೆ ಸಸ್ಯಾಹಾರದ ಚುಕ್ಕಿ ಕಂಡಷ್ಟು ಸಮಾಧಾನ. ಆ ಬಣ್ಣ ತೀರ್ಮಾನ ಆಗೋದು ಹೇಗೆ? ಇಲಿಯಂಥ ಪ್ರಯೋಗದ ಪ್ರಾಣಿಗೆ ಬಾಯಿಂದ ಅಥವಾ ಚರ್ಮದಿಂದ ಎಷ್ಟು ಕೊಟ್ಟರೆ ಅರ್ಧಕ್ಕರ್ಧ ಸಾಯ್ತವೆ ಅನ್ನೋ ಲೆಕ್ಕದ ಮೇಲೆ. ಇಲಿಯ ದೇಹ ಪೈರೆಥ್ರಾಯ್ಡುಗಳನ್ನ ಬೇಗ ಒಡೆದುಹಾಕುತ್ತೆ, ನಮ್ಮದೂ ಅಷ್ಟೆ. ತ್ರಿಕೋನದ ಬಣ್ಣ ನೀರಿನ ಪ್ರಾಣಿಗಳ ಬಗ್ಗೆ ಒಂದಕ್ಷರವನ್ನೂ ಹೇಳೋದಿಲ್ಲ. ಅದನ್ನ ಹೇಳೋದು ಒಳಗಿನ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಜಿರಲೆ ಸ್ಪ್ರೇ ಡಬ್ಬಿಗಳ ಮೇಲೆ "ಮೀನಿನ ತೊಟ್ಟಿ ಮುಚ್ಚಿ ಅಥವಾ ಹೊರಗಿಡಿ" ಅನ್ನೋ ಅರ್ಥದ ಸಾಲು ಇರುತ್ತೆ. ಅದನ್ನ ಹೊರಗಿನ ಮುಖದ ಮೇಲೆ, ಓದುವಷ್ಟು ದಪ್ಪಕ್ಕೆ, ಕನ್ನಡದಲ್ಲಿ ಹಾಕಿದರೆ ಯಾರ ಗಂಟು ಹೋಗುತ್ತೆ?

"ಹಾಗಾದ್ರೆ ಸೊಳ್ಳೆ ಕಚ್ಚಿಸ್ಕೊಂಡು ಡೆಂಗಿ ಬಂದು ಸಾಯ್ಬೇಕಾ ನಾವು, ನಿಮ್ಮ ಐವತ್ತು ರೂಪಾಯಿ ಸೀಗಡಿಗೋಸ್ಕರ?" ಅಂತ ಒಬ್ಬರು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ನ್ಯಾಯವಾದ ಪ್ರಶ್ನೆ. ಡೆಂಗಿ ತಮಾಷೆಯಲ್ಲ. ಆದರೆ ಡೆಂಗಿ ತರೋ ಈಡಿಸ್ ಸೊಳ್ಳೆ ಕಚ್ಚೋದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಹೊತ್ತು ಮುಳುಗೋ ಮುಂಚೆ. ನೀವು ರಾತ್ರಿ ಹತ್ತರಿಂದ ಬೆಳಗಿನವರೆಗೆ ಮಷೀನು ಹಾಕಿಕೊಂಡು ಮಲಗೋದರಿಂದ ಆ ಸೊಳ್ಳೆಗೆ ಆಗುವ ತೊಂದರೆ ಬಹಳ ಕಮ್ಮಿ. ಅದು ಹುಟ್ಟೋದು ನಿಮ್ಮ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ತುಳಸಿಕಟ್ಟೆಯ ಕೆಳಗಿನ ಬಟ್ಟಲಲ್ಲಿ, ಟೆರೇಸಿನ ಹಳೇ ಟಯರಿನಲ್ಲಿ. ಅದನ್ನ ವಾರಕ್ಕೊಮ್ಮೆ ಚೆಲ್ಲೋಕೆ ಬೆನ್ನು ಬಗ್ಗಿಸಬೇಕು. ಮಷೀನಿಗೆ ಬೆರಳು ಸಾಕು. ರಾತ್ರಿ ಕಚ್ಚೋ ಸೊಳ್ಳೆಗೆ ಪರದೆ ಇದೆ. ಕಿಟಕಿಗೆ ಜಾಲರಿ ಇದೆ. ನಾನು ಸೊಳ್ಳೆಯ ವಕೀಲನಲ್ಲ. ವಾಸನೆ ಇಲ್ಲ, ಹೊಗೆ ಇಲ್ಲ, ಆದ್ದರಿಂದ ಏನೂ ಇಲ್ಲ ಅನ್ನೋ ನಂಬಿಕೆಯ ಮೇಲೆ ನನ್ನ ದೂರು. ಕಾಯಿಲ್ ಹಚ್ಚುತ್ತಿದ್ದ ಕಾಲದಲ್ಲಿ ಕಣ್ಣುರಿಯಾದರೂ ಬರ್ತಿತ್ತು. ಈಗ ಅದೂ ಇಲ್ಲ. ಆ ಮಷೀನಿನ ಪಕ್ಕದಲ್ಲಿ ತೊಟ್ಟಿಲೂ ಇರುತ್ತೆ. ಮಗುವಿಗೆ ಸೀಗಡಿಯ ಗತಿ ಬರುತ್ತೆ ಅಂತ ನಾನು ಹೆದರಿಸ್ತಿಲ್ಲ, ಅದು ಸುಳ್ಳಾಗುತ್ತೆ. ಆದರೆ ಕಿಟಕಿ ಮುಚ್ಚಿದ ಹತ್ತಡಿ ಕೋಣೆಯಲ್ಲಿ ರಾತ್ರಿಯಿಡೀ ಏನು ಉಸಿರಾಡ್ತಿದೀವಿ ಅನ್ನೋ ಪ್ರಶ್ನೆ ಕೇಳಿಕೊಳ್ಳೋಕೂ ನಮಗೆ ಇಷ್ಟ ಇಲ್ಲ.

ಮಷೀನು ಒಂದೇ ಅಲ್ಲ. ಮೂರು ತಿಂಗಳಿಗೊಮ್ಮೆ ಕಾಂಟ್ರ್ಯಾಕ್ಟಿನ ಪ್ರಕಾರ ಜಿರಲೆಗೆ ಹೊಡೆಯೋಕೆ ಬರುವವರು, "ಹರ್ಬಲ್ ಸಾರ್" ಅಂತ ಹೇಳಿ ಸಿಂಕಿನ ಕೆಳಗೆ ಹೊಡೆದು, ಅದೇ ಕೈಯಲ್ಲಿ ತೊಟ್ಟಿಯ ಸ್ಟ್ಯಾಂಡು ಸರಿಸ್ತಾರೆ. ನಾಯಿಯ ಬೆನ್ನಿಗೆ ಉಣ್ಣೆ ಔಷಧ ಹಚ್ಚಿ, ಆಮೇಲೆ ಅದೇ ಕೈಯನ್ನ ಪಾಚಿ ತೆಗೆಯೋಕೆ ನೀರಿಗೆ ಇಳಿಸಿದರೆ, ಅದರಲ್ಲಿರೋ ಫಿಪ್ರೊನಿಲ್ ಸೀಗಡಿಯನ್ನ ಬಿಡಲ್ಲ. ಪಾಲಕ್ ಸೊಪ್ಪು ಬೇಯಿಸಿ ಹಾಕುವವರಿದ್ದಾರೆ. ಮಾರ್ಕೆಟ್ಟಿನ ಸೊಪ್ಪಿಗೆ ಏನು ಹೊಡೆದಿದ್ದಾರೋ. ಸಂಜೆ ಬೀದಿಯಲ್ಲಿ ಫಾಗಿಂಗ್ ಗಾಡಿ ಬಂದರೆ ಮಕ್ಕಳು ಹೊಗೆಯ ಹಿಂದೆ ಓಡ್ತಾರೆ, ಹೊಗೆ ಕಿಟಕಿಯಿಂದ ಒಳಗೆ ಬರುತ್ತೆ. ಇನ್ನೊಂದು ಯಾರೂ ನೆನೆಸಿಕೊಳ್ಳದ್ದು: ಲಾರ್ವಾ ಸಮೀಕ್ಷೆಗೆ ಬರುವವರು ಸಂಪಿಗೆ, ಡ್ರಮ್ಮಿಗೆ ಹಾಕುವ ಟೆಮಿಫಾಸ್. ಅದು ಅವರ ಕೆಲಸ, ಒಳ್ಳೆಯ ಕೆಲಸ. ಕುಡಿಯೋ ನೀರಿನಲ್ಲೂ ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಹಾಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಸೊಳ್ಳೆಮರಿ ಸಾಯಲಿ ಅಂತ ಹಾಕಿದ ನೀರನ್ನ ಅದರ ದಾಯಾದಿಯ ತೊಟ್ಟಿಗೆ ಸುರಿದು, ಆಮೇಲೆ ಕಾವೇರಿಯನ್ನ ಬೈಯೋದು ಮಾತ್ರ ತಪ್ಪು. ಯಾವತ್ತು ಬಂದಿದ್ದರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಜಗತ್ತಿನ ಪ್ರಯೋಗಾಲಯಗಳು ಒಂದು ರಾಸಾಯನಿಕ ನೀರಿಗೆ ಎಷ್ಟು ಅಪಾಯ ಅಂತ ತಿಳಿಯೋಕೆ ಏನು ಮಾಡ್ತವೆ ಗೊತ್ತಾ? ಹುಟ್ಟಿ ಒಂದು ದಿನ ತುಂಬದ ಡಾಫ್ನಿಯಾಗಳನ್ನ ಆ ನೀರಿಗೆ ಬಿಟ್ಟು, 48 ಗಂಟೆ ಕಾದು, ಎಷ್ಟು ಅಲ್ಲಾಡದೆ ಬಿದ್ದಿವೆ ಅಂತ ಎಣಿಸ್ತವೆ. ಯಾವ ಪಟ್ಟಿಯೂ ತೋರಿಸದ್ದನ್ನ ತೋರಿಸೋ ಉಪಕರಣ ಕೀಲುಗಾಲಿನ ಒಂದು ಪುಟ್ಟ ಪ್ರಾಣಿ. ಅದರ ದೊಡ್ಡಕ್ಕ ನಿಮ್ಮ ಹಾಲಿನಲ್ಲೇ ಇದೆ, ದಿನಾ ವರದಿ ಕೊಡ್ತಿದೆ. ನಾವು ವರದಿ ಎತ್ತಿ ಗಿಡಕ್ಕೆ ಹಾಕ್ತಿದೀವಿ.

ಆದ್ದರಿಂದ ಮುಂದಿನ ಸಲ ಯಾರಾದರೂ ಬಾಟಲಿ ಮಾರೋಕೆ ಬಂದರೆ, ಆ ದುಡ್ಡಿಗೆ ಎರಡು ದೊಡ್ಡ ಗಾಜಿನ ಜಾಡಿ, ಎರಡು ಸಣ್ಣ ಪಂಪು ತನ್ನಿ. ಎರಡಕ್ಕೂ ನಿಮ್ಮ ತೊಟ್ಟಿಯದೇ ನೀರು, ಒಂದು ಹಿಡಿ ಪಾಚಿ, ಮೂರು ಮೂರು ಸೀಗಡಿ, ಒಂದೆರಡು ಬಸವನಹುಳು. ಒಂದು ಜಾಡಿ ತೊಟ್ಟಿಯ ಪಕ್ಕದಲ್ಲೇ ಇರಲಿ. ಇನ್ನೊಂದು, ಮಷೀನು ಸ್ಪ್ರೇ ಏನೂ ಇಲ್ಲದ, ಬಿಸಿಲು ಬೀಳದ ಯುಟಿಲಿಟಿಯಲ್ಲೋ ಪಕ್ಕದ ಮನೆಯಲ್ಲೋ ಇರಲಿ. ಹಾಲಿನ ಜಾಡಿಯದು ಮಾತ್ರ ಸತ್ತರೆ ಗಾಳಿ. ಎರಡರಲ್ಲೂ ಸತ್ತರೆ ನೀರು. ಆಗ ಬೈಯಿರಿ, ನಾನೂ ಸೇರಿಕೊಳ್ತೀನಿ. ಎರಡರಲ್ಲೂ ಬದುಕಿ ತೊಟ್ಟಿಯಲ್ಲಿ ಮಾತ್ರ ಸತ್ತರೆ ಒಳಗಿರೋ ಕಲ್ಲು, ಗೊಂಬೆ, ಹೊಸದಾಗಿ ತಂದ ಗಿಡ, ಇವನ್ನ ಒಂದೊಂದಾಗಿ ಹೊರಗೆ ತೆಗೀರಿ. ಹೊರಗಿಂದ ಬರೋ ಗಿಡಗಳಿಗೂ ಕೀಟನಾಶಕದಲ್ಲಿ ಅದ್ದೋ ರೂಢಿ ಇದೆ. ಆರು ಸೀಗಡಿಯನ್ನ ಪಣಕ್ಕಿಡೋದು ಕ್ರೌರ್ಯ ಅಂತ ಅನಿಸಿದರೆ, ಈಗ ದಿನಕ್ಕೆ ನಾಲ್ಕು ಹೋಗ್ತಿರೋದನ್ನ ನೆನಪು ಮಾಡಿಕೊಳ್ಳಿ.

ಹತ್ತು ದಿನ ಸಾಕು. ಜಾಡಿಯ ಪಕ್ಕ ಒಂದು ಹಾಳೆ ಇಟ್ಟು, ಅವತ್ತು ಮಷೀನು ಹಾಕಿದ್ರಾ, ಕಿಟಕಿ ಎಷ್ಟು ಗಂಟೆಗೆ ಮುಚ್ಚಿದ್ರಿ, ಯಾರು ಬಂದು ಏನು ಹೊಡೆದು ಹೋದರು, ದಿನಾ ಒಂದು ಸಾಲು ಬರೀರಿ.